ಗ್ರೀನ್ ರಿವರ್‌ನಲ್ಲಿ ಅಬ್ಬಾ ಜೊತೆ ಆರು ದಿನ

ಆ ನದಿಯ ಹೆಸರು ಗ್ರೀನ್ ರಿವರ್. ನಾವು ಹೋದಾಗ ಅದು ಹಸಿರಾಗಿರಲಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣದ ನೀರು ಯಾವ ಅವಸರವೂ ಇಲ್ಲದೆ ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಎರಡು ಸಾವಿರದ ಒಂಬತ್ತರ ಜೂನ್ ತಿಂಗಳು. ಅಬ್ಬಾಗೆ ಆಗ ಅರವತ್ತೇಳು, ನನಗೆ ಮೂವತ್ತೆಂಟು. ತಂದೆ ಮಗಳು ಇಬ್ಬರೂ ಗೈಡುಗಳ ಜೊತೆ, ಗುರುತಿಲ್ಲದ ಒಂದಿಷ್ಟು ಜನರ ಜೊತೆ, ರಬ್ಬರಿನ ದೋಣಿಗಳಲ್ಲಿ ಆರು ದಿನ ತೇಲಿದೆವು. ಈಗಲೂ ಕೆಲವು ಬೆಳಿಗ್ಗೆ ಪೂರ್ತಿ ಎಚ್ಚರವಾಗುವ ಮೊದಲು ಎರಡೂ ಕಡೆ ಕೆಂಪು ಬಂಡೆಯ ಗೋಡೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿರುವಂತೆ ಅನಿಸುತ್ತದೆ. ಕಣ್ಣು ಬಿಟ್ಟರೆ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನ ನಮ್ಮ ಮಲಗುವ ಕೋಣೆಯ ಬಿಳಿ ಗೋಡೆ.

ಅದಕ್ಕೂ ಹಿಂದಿನ ಅಕ್ಟೋಬರಿನವರೆಗೆ ನಾನು ಮ್ಯಾನ್‌ಹ್ಯಾಟನ್‌ನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿದ್ದೆ. ದಿನಾ ಬೆಳಿಗ್ಗೆ ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ರೈಲು. ಹತ್ತು ವರ್ಷ ಹೀಗೆ ಹೋಗಿ ಬಂದವಳಿಗೆ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಕೆಲಸ ಮುಗಿದುಹೋಯಿತು. ನಮ್ಮ ಸಾಲಿನ ಹದಿನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಪಕ್ಕದ ಮೇಜಿನ ಅಮೆರಿಕನ್ ಗೆಳತಿ ನನಗಿಂತ ಮೊದಲು ಒಳಗೆ ಹೋಗಿ ಬಂದು, ತನ್ನ ಮೇಜಿನ ಮುಂದೆ ಅಂಟಿಸಿದ್ದ ಒಂದು ಫೋಟೋವನ್ನು ಹರಿಯದಂತೆ ಉಗುರಿನಲ್ಲಿ ಮೆಲ್ಲನೆ ಬಿಡಿಸುತ್ತಿದ್ದಳು. ಕೆಂಪು ಕಣಿವೆ, ಕಂದು ನದಿ, ಅದರ ನಡುವೆ ಒಂದು ಚಿಕ್ಕ ದೋಣಿ ಇದ್ದ ಫೋಟೋ. ಗಂಡನ ಜೊತೆ ಅಲ್ಲಿಗೆ ಹೋಗಬೇಕೆಂದು ಆಕೆ ಮುಂದಿನ ಬೇಸಿಗೆಗೆ ಎರಡು ಸೀಟು ಕಾದಿರಿಸಿದ್ದಳು. ಆ ವಿಷಯ ಇಡೀ ಆಫೀಸಿಗೆ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಅವಳ ಫೋನು ಬಂತು. ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದೆ, ಹೊಸ ಜಾಗದಲ್ಲಿ ಈಗಲೇ ರಜೆ ಕೇಳಲಾರೆ, ಆ ಎರಡು ಸೀಟು ನೀನು ತೆಗೆದುಕೋ ಅಂದಳು. ನಾನು ಬೇಡವೆಂದೆ. "ಯಾರಾದರೂ ನನ್ನ ಪರವಾಗಿ ಆ ನೀರು ನೋಡಬೇಕು" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಾಗ ದನಿ ಒಡೆಯಿತು. ಮತ್ತೆ ಬೇಡವೆನ್ನಲು ನನ್ನಿಂದ ಆಗಲಿಲ್ಲ.

ನನ್ನ ಗಂಡ ಔಷಧಿ ಕಂಪನಿಯಲ್ಲಿದ್ದರು. ಅಲ್ಲೂ ಪ್ರತಿ ಶುಕ್ರವಾರ ಯಾರ ಸರದಿಯೋ ಎಂಬ ಭಯವಿತ್ತು. "ಈಗ ನಾನು ಒಂದು ವಾರ ಕಾಣಿಸಲಿಲ್ಲ ಅಂದ್ರೆ, ನಾನಿಲ್ಲದೇನೂ ನಡೆಯುತ್ತೆ ಅಂತ ಅವರಿಗೆ ಗೊತ್ತಾಗ್ಬಿಡುತ್ತೆ" ಅಂದರು. ಆಮೇಲೆ ಹಿತ್ತಲಿನ ಕಡೆ ನೋಡಿ, "ಅಬ್ಬಾನ ಕರ್ಕೊಂಡು ಹೋಗು. ನೀರು ಅಂದ್ರೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಸೇರಿಸಿದರು.

ಅಬ್ಬಾ ಮಾರ್ಚ್‌ನಲ್ಲಿ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಮೂವತ್ತೊಂದು ವರ್ಷ ಅವರು ಸರ್ಕಾರಿ ಕೆಲಸದಲ್ಲಿ ಹೊಳೆಗಳ ನೀರು ಅಳೆದವರು. ಕಬಿನಿ, ಹೇಮಾವತಿ, ಕಾವೇರಿ, ಎಲ್ಲಿ ಹಾಕಿದರೆ ಅಲ್ಲಿ ದೋಣಿಯಲ್ಲಿ ನಿಂತು, ತಿರುಗುವ ರೆಕ್ಕೆಯ ಅಳತೆ ಯಂತ್ರವನ್ನು ನೀರಿಗೆ ಇಳಿಬಿಟ್ಟು, ಇಂದು ಇಷ್ಟು ನೀರು ಹರಿಯಿತು ಎಂದು ಬರೆದಿಡುವುದು ಅವರ ಕೆಲಸ. ನಮ್ಮ ಮನೆಮಾತು ಉರ್ದು. ಆದರೆ ಅಬ್ಬಾ ಓದಿದ್ದು, ದುಡಿದದ್ದು ಕನ್ನಡದಲ್ಲಿ. ನನ್ನನ್ನೂ ಕನ್ನಡ ಶಾಲೆಗೇ ಸೇರಿಸಿದ್ದರು. ನಾವಿಬ್ಬರೇ ಇದ್ದಾಗ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಅಮೆರಿಕದಲ್ಲಿ ಇದರಿಂದ ಒಂದು ಅನುಕೂಲವೂ ಆಯಿತು. ಐಸೆಲಿನ್‌ನ ಇಂಡಿಯನ್ ಅಂಗಡಿಗಳಲ್ಲಿ ಉರ್ದು, ಹಿಂದಿ ಎಲ್ಲರಿಗೂ ಅರ್ಥವಾಗುತ್ತದೆ. ಸೀರೆಯ ಬೆಲೆ ಜಾಸ್ತಿಯಾಯಿತೆಂದು ಗುಟ್ಟಾಗಿ ಹೇಳಿಕೊಳ್ಳಲು ನಮಗೆ ಕನ್ನಡವೇ ಬೇಕಿತ್ತು.

ಮಾನ್ಮತ್ ಜಂಕ್ಷನ್‌ನಲ್ಲಿ ಅಬ್ಬಾಗೆ ಹೊತ್ತು ಹೋಗುತ್ತಿರಲಿಲ್ಲ. ಟೌನ್‌ಹೌಸುಗಳ ಹಿಂದೆ ಒಂದು ಸಣ್ಣ ತೊರೆಯಿತ್ತು. ಅದರ ದಂಡೆಯಲ್ಲಿ ಕೂತು ಎಲೆಗಳನ್ನು ತೇಲಿಬಿಟ್ಟು, ಅವು ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗುತ್ತವೆ ಎಂದು ನೋಡುತ್ತಿದ್ದರು. ಕೆಲಸ ಕಳೆದುಕೊಂಡ ನಾನು ಒಳಗೆ ಕಂಪ್ಯೂಟರಿನ ಮುಂದೆ ರೆಸ್ಯೂಮೆ ತಿದ್ದುತ್ತಾ ಕಿಟಕಿಯಿಂದ ಅವರ ಬಿಳಿ ಟೋಪಿಯನ್ನು ನೋಡುತ್ತಿದ್ದೆ. ಒಂದೇ ಮನೆಯಲ್ಲಿದ್ದರೂ ನಮ್ಮ ನಡುವೆ ಮಾತು ಕಡಿಮೆಯಾಗಿತ್ತು. ಅದಕ್ಕೆ ಕಾರಣ ಅಮ್ಮಿ.

ಅಮ್ಮಿ ತೀರಿಕೊಂಡದ್ದು ಅದಕ್ಕೆ ಮೂರು ವರ್ಷ ಮೊದಲು. ಆಸ್ಪತ್ರೆಗೆ ಸೇರಿಸಿದ ದಿನ ಅಬ್ಬಾ ಫೋನ್ ಮಾಡಿ ಒಂದೇ ಮಾತು ಹೇಳಿದ್ದರು: "ಬಾ." ಆ ವಾರಾಂತ್ಯಕ್ಕೆ ಬ್ಯಾಂಕಿನ ದೊಡ್ಡ ಪ್ರಾಜೆಕ್ಟಿನ ರಿಲೀಸ್ ಇತ್ತು. ನಾನು ಹೊರಡುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಿದೆ. ಆದರೆ ವಿಮಾನದಲ್ಲಿ ಸೀಟು ಸಿಗಲಿಲ್ಲವೆಂದು ಅಬ್ಬಾಗೆ ಹೇಳಿದೆ. ಎರಡನೆಯ ದಿನವೇ ಅಮ್ಮಿ ಹೋದರು. ನಾನು ಮೈಸೂರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು, ನೆಂಟರೂ ಹೋಗಿಯಾಗಿತ್ತು. ಅಬ್ಬಾ ನನ್ನನ್ನು ಏನೂ ಕೇಳಲಿಲ್ಲ. ಬೈಯಲೂ ಇಲ್ಲ. ಆಮೇಲೆ ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪ್ರವಾಸದ ವಿಷಯ ಹೇಳಿದಾಗ ಅವರು ಮೊದಲು ನಕ್ಕರು. "ನೀರು ನೋಡೋಕೆ ಮರುಭೂಮಿಗೆ ಹೋಗೋದಾ?"

"ದೊಡ್ಡ ಹೊಳೆ ಅಬ್ಬಾ. ಆರು ದಿನ ದೋಣಿಯಲ್ಲೇ."

"ಬಂಡೆ ಇದೆಯಾ ಅದರಲ್ಲಿ?"

"ಇದೆ."

"ಹಂಗಾದ್ರೆ ನೋಡೋಣ" ಎಂದರು.

ನ್ಯೂಆರ್ಕ್‌ನಿಂದ ಎರಡು ವಿಮಾನ ಬದಲಾಯಿಸಿ, ಕೊನೆಗೆ ಆರು ಜನ ಹಿಡಿಯುವ ಪುಟ್ಟ ವಿಮಾನದಲ್ಲಿ ಒಂದು ಬೋಳು ಗುಡ್ಡದ ತಲೆಯ ಮೇಲೆ ಇಳಿದೆವು. ಅಲ್ಲಿ ನಿಲ್ದಾಣವೆನ್ನುವಂಥದ್ದು ಏನೂ ಇರಲಿಲ್ಲ. ಮಣ್ಣಿನ ಪಟ್ಟಿ, ಗಾಳಿ, ಉಳಿದದ್ದೆಲ್ಲ ಆಕಾಶ. ನಮ್ಮನ್ನು ಬಿಟ್ಟು ವಿಮಾನ ಹಾರಿಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಎಂಥ ನಿಶ್ಶಬ್ದ ಕವಿಯಿತೆಂದರೆ, ನನ್ನ ಕಿವಿಯೇ ಕೆಟ್ಟಿತೇನೋ ಎಂದು ಎರಡು ಸಲ ಕಿವಿ ಉಜ್ಜಿಕೊಂಡೆ. ಕಡಿದಾದ ಕಾಲುದಾರಿಯಲ್ಲಿ ಒಂದೂವರೆ ಗಂಟೆ ಇಳಿದರೆ ಹೊಳೆದಂಡೆ. ಅಬ್ಬಾ ನನ್ನ ಭುಜ ಹಿಡಿದುಕೊಂಡು, ಎಲ್ಲೂ ಕೂರದೆ ಇಳಿದರು.

ಕೆಳಗೆ ದೋಣಿಗಳಿಗೆ ಗಾಳಿ ತುಂಬಿ, ಸಾಮಾನು ಕಟ್ಟಿ ಗೈಡುಗಳು ಕಾಯುತ್ತಿದ್ದರು. ಅವರಲ್ಲಿ ಹಿರಿಯಳು ಮೂವತ್ತೈದರ ಆಸುಪಾಸಿನ ಹೆಂಗಸು. ಬಿಸಿಲಿಗೆ ಸುಟ್ಟ ಮುಖ, ಹಗ್ಗ ಎಳೆದೆಳೆದು ಒರಟಾದ ಅಂಗೈ. ಹದಿನೈದು ಬೇಸಿಗೆ ಅದೇ ಹೊಳೆಯಲ್ಲಿ ಹುಟ್ಟು ಹಾಕಿದವಳು. ಅಬ್ಬಾಗೆ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಬಿಗಿಯುತ್ತಾ, ಸರ್ ಮೊದಲು ಎಂದಾದರೂ ನದಿಗೆ ಇಳಿದಿದ್ದೀರಾ ಎಂದು ಕೇಳಿದಳು.

"ಥರ್ಟಿ ಒನ್ ಇಯರ್ಸ್, ಮೇಡಂ" ಅಂದರು ಅಬ್ಬಾ.

ಅವಳ ಕೈ ಪಟ್ಟಿಯ ಮೇಲೆ ಹಾಗೇ ನಿಂತಿತು. ನಾನು ವಿವರಿಸಿದೆ. ಪೂರ್ತಿ ಕೇಳಿ, "ಹಾಗಾದರೆ ಇವರು ನನ್ನ ದೋಣಿಗೆ" ಎಂದಳು.

ಅವಳದು ಉದ್ದದ ಎರಡು ಹುಟ್ಟುಗಳ ದೊಡ್ಡ ದೋಣಿ. ನಡುವೆ ಕೂತು ಅವಳೊಬ್ಬಳೇ ನಡೆಸುತ್ತಿದ್ದಳು. ಅಬ್ಬಾ ಮತ್ತು ನಾನು ಮುಂದೆ, ಗಾಳಿ ತುಂಬಿದ ಅಂಚಿನ ಉಬ್ಬಿನ ಮೇಲೆ. ಮೊದಲೆರಡು ದಿನ ಹೊಳೆ ಶಾಂತವಾಗಿತ್ತು. ಆ ದಿನಗಳನ್ನು ಬಿಡಿಸಿ ಹೇಳುವುದು ನನಗೆ ಕಷ್ಟ. ಒಂದು ಗಂಟೆಗೂ ಇನ್ನೊಂದು ಗಂಟೆಗೂ ನಡುವೆ ಗೆರೆಯೇ ಇರಲಿಲ್ಲ. ಗೋಡೆಗಳು ಬೆಳಿಗ್ಗೆ ಬೂದು, ಮಧ್ಯಾಹ್ನ ಮಾಸಲು ಹಳದಿ, ಸಂಜೆಗೆ ಇಟ್ಟಿಗೆಗೂಡಿನ ಒಳಗಿನಂತೆ ಕೆಂಪು. ಬಂಡೆಯ ಸಂದಿಗಳಲ್ಲಿ ಮಣ್ಣಿನ ಗೂಡು ಕಟ್ಟಿದ್ದ ಸಣ್ಣ ಹಕ್ಕಿಗಳು ನೀರನ್ನು ಮುಟ್ಟಿಯೂ ಮುಟ್ಟದಂತೆ ಹಾದುಹೋಗುತ್ತಿದ್ದವು. ಒಂದು ತಿರುವಿನಲ್ಲಿ ಕಾಡುಕುದುರೆಗಳು ಮೊಣಕಾಲುದ್ದ ನೀರಲ್ಲಿ ನಿಂತಿದ್ದವು. ನಾವು ಹತ್ತಿರ ಬಂದರೂ ಕದಲದೆ, ತೇಲಿಹೋಗುವವರು ನಾವೋ ತಾವೋ ಎಂಬಂತೆ ನೋಡಿದವು. ಕಣ್ಣು ಮುಚ್ಚಿ ತೆಗೆದರೆ ಕುದುರೆಗಳಿಲ್ಲ, ಬೇರೆ ಗೋಡೆ, ಬೇರೆ ನೆರಳು. ನಾನು ನಿದ್ದೆ ಮಾಡಿದ್ದೆನೋ ಇಲ್ಲವೋ ಎಂದು ಅಬ್ಬಾನನ್ನು ಕೇಳಿದೆ.

"ಅದನ್ನ ತಿಳ್ಕೊಂಡು ಏನು ಮಾಡ್ತೀಯ? ಸುಮ್ನೆ ಕೂತ್ಕೋ" ಅಂದರು.

ಅವರು ಮಾತ್ರ ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ. ನೀರನ್ನು ಓದುತ್ತಿದ್ದರು. "ನೋಡು, ಅಲ್ಲಿ ಮೇಲೆ ನುಣ್ಣಗಿದೆಯಲ್ಲ, ಅಡೀಲಿ ಬಂಡೆ ಇಲ್ಲ, ಮಡು ಅದು. ಇಲ್ಲಿ ನೀರು ಹಿಂದಕ್ಕೆ ತಿರುಗ್ತಾ ಇದೆ." ಬಂಡೆಗಳ ನಡುವೆ ನೀರು ಚೂಪಾಗಿ ಮುಂದೆ ಚಾಚಿಕೊಂಡ ಕಡೆ ಬೆರಳು ತೋರಿಸಿ, "ಅದೇ ನಾಲಗೆ. ಅದರ ಮೇಲೇ ಹೋಗ್ಬೇಕು" ಅಂದರು. ಇದನ್ನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಹುಟ್ಟು ನಿಲ್ಲಿಸಿ ಜೋರಾಗಿ ನಕ್ಕಳು. ಗೈಡುಗಳೂ ಅದನ್ನು ಇಂಗ್ಲಿಷಿನಲ್ಲಿ ನಾಲಗೆ ಅಂತಲೇ ಕರೆಯುತ್ತಾರಂತೆ. ಅಲ್ಲಿಂದ ಮುಂದೆ ಅವರಿಬ್ಬರಿಗೆ ನನ್ನ ಅಗತ್ಯ ಬೀಳಲಿಲ್ಲ. ಅವಳು ಗದ್ದ ಎತ್ತಿ ತೋರಿಸುವಳು, ಇವರು ತಲೆ ಆಡಿಸುವರು. ಎರಡನೆಯ ದಿನ ಸಂಜೆಯ ಹೊತ್ತಿಗೆ ಹುಟ್ಟುಗಳೇ ಅಬ್ಬಾನ ಕೈಯಲ್ಲಿದ್ದವು. ಬನಿಯನ್ನಿನ ಮೇಲೆ ಲೈಫ್ ಜಾಕೆಟ್, ತಲೆಯ ಮೇಲೆ ಬಿಳಿ ಟೋಪಿ. ದೋಣಿ ಸ್ವಲ್ಪ ಸೊಟ್ಟಗೆ ಹೋದರೂ ಯಾರೂ ತಕರಾರು ಮಾಡಲಿಲ್ಲ.

ಮರಳುದಂಡೆಗಳಲ್ಲಿ ಟೆಂಟು. ಗೈಡುಗಳು ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಮೆಕ್ಕೆಜೋಳದ ಬ್ರೆಡ್ ಬೇಯಿಸುವರು. ಮಾಂಸ ಹಲಾಲ್ ಅಲ್ಲವೆಂದು ನಾವು ತಿನ್ನುತ್ತಿರಲಿಲ್ಲ. ಅವಲಕ್ಕಿ, ಚಪಾತಿ, ಪುಳಿಯೋಗರೆ ಪುಡಿ, ನಿಂಬೆ ಉಪ್ಪಿನಕಾಯಿ ನಮ್ಮ ಚೀಲದಲ್ಲಿದ್ದವು. ಅಬ್ಬಾಗೆ ನಿಜವಾದ ಕಷ್ಟ ಪಾಯಿಖಾನೆಯದು. ಪೊದೆಗಳ ಹಿಂದೆ ಒಂದು ಲೋಹದ ಡಬ್ಬಿ, ಅದರ ಮೇಲೆ ಸೀಟು, ಎದುರಿಗೆ ಇಡೀ ಕಣಿವೆ ತೆರೆದುಕೊಂಡಿತ್ತು. ಮೊದಲ ದಿನ ಪ್ಲಾಸ್ಟಿಕ್ ಚೊಂಬು ಹಿಡಿದು ಹೋದವರು ಹಾಗೇ ವಾಪಸು ಬಂದು, "ಬಾಗಿಲೇ ಇಲ್ವಲ್ಲ ಬೇಟಾ" ಅಂದರು. ಮರುದಿನ ಬಹಳ ಹೊತ್ತು ಬರಲೇ ಇಲ್ಲ. ನಾನು ಗಾಬರಿಯಾಗಿ ಕೂಗಿದರೆ, ಪೊದೆಯ ಆಚೆಯಿಂದ ನೆಮ್ಮದಿಯ ದನಿ ಬಂತು: "ಇರು, ಗುಡ್ಡದ ಮೇಲೆ ಕಾಡುಕುರಿ ಮೇಯ್ತಾ ಇವೆ, ನೋಡ್ತಾ ಇದೀನಿ."

ನಮಾಜಿಗೆ ದಿಕ್ಕು ಕಂಡುಹಿಡಿಯುವುದೂ ದಿನಾ ಒಂದು ಕೆಲಸ. ಮೈಸೂರಿನಲ್ಲಿ ಪಶ್ಚಿಮಕ್ಕೆ ತಿರುಗುತ್ತಿದ್ದವರು ನ್ಯೂಜೆರ್ಸಿಗೆ ಬಂದು ಈಶಾನ್ಯಕ್ಕೆ ಒಗ್ಗಿಕೊಂಡಿದ್ದರು. ಇಲ್ಲಿ ಹೊಳೆ ಹಾವಿನಂತೆ ಹೊರಳುತ್ತಿತ್ತು. ಬೆಳಿಗ್ಗೆ ಎಡಗಡೆ ಇದ್ದ ಸೂರ್ಯ ಊಟದ ಹೊತ್ತಿಗೆ ಬೆನ್ನ ಹಿಂದೆ. ಗೈಡ್ ನಕ್ಷೆ ಬಿಚ್ಚಿ, ದಿಕ್ಸೂಚಿ ಇಟ್ಟು, ಮರಳಿನ ಮೇಲೆ ಹುಟ್ಟಿನ ತುದಿಯಿಂದ ಒಂದು ಗೆರೆ ಎಳೆದುಕೊಡುತ್ತಿದ್ದಳು. ಅಬ್ಬಾ ಆ ಗೆರೆಯ ತುದಿಗೆ ಟವೆಲ್ ಹಾಸಿ ನಿಲ್ಲುತ್ತಿದ್ದರು. ಒಂದೊಂದು ದಿನ ನಾನೂ ಅವರ ಹಿಂದೆ ನಿಂತೆ. ಹಣೆಗೆ ಅಂಟಿದ ಮರಳು ಇನ್ನೂ ಬೆಚ್ಚಗಿರುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನದಿಂದ ಹೊಳೆಯ ಸ್ವಭಾವ ಬದಲಾಯಿತು. ಪಕ್ಕದ ಕಣಿವೆಗಳಿಂದ ಬಂದು ಬಿದ್ದ ಬಂಡೆಗಳ ಮೇಲೆ ನೀರು ನೊರೆಯಾಗಿ ಧುಮುಕುತ್ತಿತ್ತು. ನಾನು ಅಂದು ಇನ್ನೊಂದು ದೋಣಿಗೆ ಹೋಗಿದ್ದೆ. ಅದರಲ್ಲಿ ಎಲ್ಲರ ಕೈಗೂ ಒಂದೊಂದು ಸಣ್ಣ ಹುಟ್ಟು ಕೊಟ್ಟಿದ್ದರು. ಹಿಂದೆ ಕೂತ ಗೈಡ್ ಕೂಗಿದಂತೆ ನಾವು ನೀರು ತಳ್ಳಬೇಕಿತ್ತು. ಎಂಟು ತಿಂಗಳು ಮನೆಯಲ್ಲಿ ಕೂತಿದ್ದ ಮೈಗೆ ಆ ಕೆಲಸ ಹಿತವಾಗಿತ್ತು. ಎರಡು ಇಳಿತ ನಗುತ್ತಾ ದಾಟಿದೆವು. ಮೂರನೆಯದು ದೊಡ್ಡದು, ಅದರ ಸದ್ದು ದೂರದಿಂದಲೇ ಕೇಳುತ್ತಿತ್ತು. ಅಬ್ಬಾ ಇದ್ದ ದೊಡ್ಡ ದೋಣಿ ಮೊದಲು ಇಳಿದು, ಕೆಳಗೆ ನೀರು ನಿಧಾನವಾಗುವ ಕಡೆ ನಮಗಾಗಿ ಕಾಯುತ್ತಾ ನಿಂತಿತು. ಅವರ ಬಿಳಿ ಟೋಪಿ ಚುಕ್ಕೆಯಂತೆ ಕಾಣುತ್ತಿತ್ತು.

ನಾವು ನಾಲಗೆಯ ಮೇಲೆ ಸರಿಯಾಗಿಯೇ ಹೋದೆವು. ಅದರ ತುದಿಯಲ್ಲಿ ಅಲೆಯೊಂದು ಪಕ್ಕದಿಂದ ಎದ್ದು ಬಂತು. ದೋಣಿ ಒಂದು ಮಗ್ಗುಲಿಗೆ ಏರಿತು, ನನ್ನ ಕಾಲ ಕೆಳಗೆ ಏನೂ ಇರಲಿಲ್ಲ.

ನೀರೊಳಗೆ ಹೋದ ಮರುಕ್ಷಣ ಸದ್ದೆಲ್ಲ ನಿಂತುಹೋಯಿತು. ನನಗೆ ಇಂದಿಗೂ ಆಶ್ಚರ್ಯವೆಂದರೆ, ಭಯವಾಗಲಿಲ್ಲ. ಸುತ್ತಲೂ ಕಂದು ಬೆಳಕು. ಚಿಕ್ಕಂದಿನಲ್ಲಿ ಶುಕ್ರವಾರ ಬೆಳಿಗ್ಗೆ ಅಮ್ಮಿ ತಲೆಗೆ ಸೀಗೆಕಾಯಿ ನೀರು ಹೊಯ್ಯುವಾಗ, ಕಣ್ಣು ಮುಚ್ಚು ಎಂದು ಹೇಳಿದರೂ ಕೇಳದೆ ನಾನು ಒಂದು ಗಳಿಗೆ ಕಣ್ಣು ಬಿಡುತ್ತಿದ್ದೆ. ಉರಿಯುವ ಮೊದಲು ಆ ನೀರಿನ ತೆರೆಯ ಮೂಲಕ ಬಚ್ಚಲಿನ ಕಿಟಕಿಯ ಬೆಳಕು ಹೀಗೇ ಕಾಣುತ್ತಿತ್ತು. ಅದೇ ಬೆಳಕು ಎಂದುಕೊಂಡೆ. ತಲೆಯ ಮೇಲೆ ಅಮ್ಮಿಯ ಕೈ ಈಗ ಬರುತ್ತದೆ ಎಂದು ಕಾದೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಎದೆ ಬಿಗಿಯಿತು, ಮೊಣಕಾಲು ಬಂಡೆಗೆ ಬಡಿಯಿತು, ಲೈಫ್ ಜಾಕೆಟ್ ನನ್ನನ್ನು ಮೇಲಕ್ಕೆಳೆಯಿತು. ತಲೆ ಹೊರಗೆ ಬಂತು. ಎದುರಿಗೇ ದೊಡ್ಡ ದೋಣಿಯ ಬೂದು ಮೈ. ಗೈಡ್ ಬಾಗಿ, ಭುಜದ ಪಟ್ಟಿ ಹಿಡಿದು, ಚೀಲ ಎತ್ತಿದಂತೆ ನನ್ನನ್ನು ಎತ್ತಿ ಒಳಗೆ ಹಾಕಿಕೊಂಡಳು.

ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ನಾನು ಬಿದ್ದ ಕೂಡಲೇ ಅವಳ ಕಣ್ಣು ನಮ್ಮ ದೋಣಿಯ ಎಡಭಾಗದಲ್ಲಿತ್ತು. ಬಿದ್ದವರು ಸಾಮಾನ್ಯವಾಗಿ ಏಳುವುದು ಅಲ್ಲೇ. ಅಬ್ಬಾ ಮಾತ್ರ ಬಲಗಡೆಯ ಬಂಡೆಗೋಡೆಯ ಬುಡಕ್ಕೆ ಕೈ ಚಾಚಿ, ಕನ್ನಡದಲ್ಲಿ "ಅಲ್ಲಿ, ಅಲ್ಲಿ" ಎನ್ನುತ್ತಿದ್ದರಂತೆ. ಅಡಿಯ ಸೆಳವು ಬಲಕ್ಕೆ ಹೋಗುವುದನ್ನು ಅವರು ಇಳಿಯುವಾಗಲೇ ಗಮನಿಸಿದ್ದರು. ಅವಳು ಯೋಚಿಸದೆ ಅಲ್ಲಿಗೆ ಹುಟ್ಟು ಹಾಕಿದಳು. ದೋಣಿ ಮುಟ್ಟಿದ ಹೊತ್ತಿಗೆ ನನ್ನ ತಲೆ ಅಲ್ಲೇ ಎದ್ದಿತು.

ನನಗೆ ನೆನಪಿರುವುದು ಇಷ್ಟು. ಅಬ್ಬಾ ಟೋಪಿ ತೆಗೆದು ಅದರಲ್ಲೇ ನನ್ನ ಮುಖ ಒರೆಸಿದರು. ದಂಡೆಗೆ ಬಂದ ಮೇಲೂ ತಮ್ಮ ಲೈಫ್ ಜಾಕೆಟ್ ಬಿಚ್ಚುವುದು ಅವರಿಗೆ ನೆನಪಾಗಲಿಲ್ಲ. ನಾನೇ ಬಿಚ್ಚಿದೆ. ಅಂದು ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬೆಳಕಿರುವಾಗಲೇ ಟೆಂಟಿನೊಳಗೆ ಹೋಗಿ ಮಲಗಿಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಅವರ ದೋಣಿಗೇ ವಾಪಸು ಬಂದೆ. ಹೊಳೆ ಮತ್ತೆ ನಿಂತಂತೆ ಹರಿಯುತ್ತಿತ್ತು. ಗೋಡೆಯ ನೆರಳು ನೀರಿನ ಅರ್ಧಕ್ಕೆ ಬಂದಿತ್ತು. ನಾವು ಆ ನೆರಳಿನ ಅಂಚಿನಲ್ಲಿ ತೇಲುತ್ತಿದ್ದೆವು. ಗೈಡ್ ಹುಟ್ಟುಗಳನ್ನು ನೀರಿನಿಂದೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಅಬ್ಬಾ ನೀರಿನ ಕಡೆಗೇ ನೋಡುತ್ತಾ ಹೇಳಿದರು:

"ನಿಮ್ಮಮ್ಮಿಗೆ ನಾನೊಂದು ಸುಳ್ಳು ಹೇಳಿದೀನಿ ಬೇಟಾ."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅನಿಸಿತು. "ಯಾವಾಗ ಅಬ್ಬಾ?"

"ಕೊನೇ ದಿವಸ. ಆಸ್ಪತ್ರೇಲಿ. 'ಹೊರಟಳಾ?' ಅಂತ ಕೇಳಿದ್ಲು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. 'ಹೊರಟಳು, ಪ್ಲೇನ್ ಹತ್ತಿದಾಳೆ' ಅಂದ್ಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ ಅವಳು. ಅರ್ಧ ಗಂಟೆಗೊಂದು ಸಲ ಕಣ್ಣು ಬಿಟ್ಟು, 'ಈಗ ಎಲ್ಲಿರ್ತಾಳೆ?' ಅಂತ ಕೇಳೋಳು. ಸಮುದ್ರದ ಮೇಲಿದಾಳೆ ಅಂದೆ. ಮತ್ತೆ ಕೇಳಿದ್ಲು, ಲಂಡನ್ ದಾಟಿದ್ಲು ಅಂದೆ. ಮತ್ತೆ ಕೇಳಿದ್ಲು, ದುಬೈ ಹತ್ರ ಬಂದ್ಲು ಅಂದೆ. 'ಊಟ ಕೊಟ್ಟಿರ್ತಾರಾ?' ಅಂತ ಕೇಳಿದ್ಲು. ಕೊಟ್ಟಿರ್ತಾರೆ ಅಂದೆ. ಸಾಯಂಕಾಲಕ್ಕೆ, ಮುಂಬೈಗೆ ಬಂದ್ಲು ಅಂದೆ. ಹೂಂ ಅಂದ್ಲು. ಆಮೇಲೆ ಕೇಳಲಿಲ್ಲ."

ದೋಣಿ ತಾನಾಗಿ ಅರ್ಧ ಸುತ್ತು ತಿರುಗಿತು. ಈಗ ನಾವು ದಾಟಿ ಬಂದ ದಾರಿ ನಮ್ಮ ಎದುರಿಗಿತ್ತು.

"ನಿನ್ನ ಮುಂಬೈವರೆಗೂ ಕರ್ಕೊಂಡು ಬಂದೆ. ಮೈಸೂರಿಗೆ ತರೋಕಾಗಲಿಲ್ಲ" ಅಂದರು ಅಬ್ಬಾ. "ಹೋಗೋರಿಗೆ ಸುಳ್ಳು ಹೇಳಬಾರದಿತ್ತು. ಅದೂ ನಿನ್ನ ಹೆಸರಲ್ಲಿ. ನಿನಗೆ ಹೇಳ್ಬೇಕು ಹೇಳ್ಬೇಕು ಅಂತ ಮೂರು ವರ್ಷ ಆಯ್ತು. ನಿನ್ನೆ ನೀನು ನೀರಲ್ಲಿ ಕಾಣಿಸದೇ ಹೋದಾಗ, ಹೇಳದೇ ಉಳಿದುಹೋಯ್ತಲ್ಲ ಅನ್ನಿಸ್ತು. ಮಾಫ್ ಮಾಡಮ್ಮ."

ಮೂರು ವರ್ಷ ನಾನು ಬೇರೆಯೇ ಒಂದು ಚಿತ್ರವನ್ನು ಹೊತ್ತುಕೊಂಡು ರೈಲಿನಲ್ಲಿ ಓಡಾಡಿದ್ದೆ. ಆಸ್ಪತ್ರೆಯ ಬಾಗಿಲ ಕಡೆಗೆ ಮುಖ ಮಾಡಿ, ಮಗಳು ಬರಲಿಲ್ಲವೆಂದು ತಿಳಿದೇ ಕಣ್ಣು ಮುಚ್ಚಿದ ಅಮ್ಮಿಯ ಚಿತ್ರ ಅದು. ಅದು ಹಾಗಿರಲಿಲ್ಲ. ಅಮ್ಮಿಯ ಮನಸ್ಸಿನಲ್ಲಿ ನಾನು ಇಡೀ ದಿನ ಆಕಾಶದಲ್ಲಿದ್ದೆ, ಹತ್ತಿರ ಹತ್ತಿರ ಬರುತ್ತಿದ್ದೆ. ನಿರಾಳವಾಯಿತು. ಹಾಗೆ ನಿರಾಳವಾದದ್ದಕ್ಕೆ ನಾಚಿಕೆಯೂ ಆಯಿತು.

"ಅಬ್ಬಾ, ಸೀಟು ಇತ್ತು" ಅಂದೆ. "ಸಿಗಲಿಲ್ಲ ಅಂತ ನಿಮಗೆ ಹೇಳಿದ್ದು ಸುಳ್ಳು. ಕೆಲಸ ಇತ್ತು ಅಂತ ನಾನೇ ಮುಂದಕ್ಕೆ ಹಾಕಿದೆ. ಅಮ್ಮಿಗೆ ಹಾಗಾಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಸುಳ್ಳು ಹೇಳುವಾಗ ನೀನು ಚಿಕ್ಕಂದಿನಿಂದಲೂ ಬೇಗ ಬೇಗ ಮಾತಾಡ್ತೀಯ." ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ಅವತ್ತು ಸಿಟ್ಟು ಬಂದಿತ್ತು. ಇಲ್ಲ ಅನ್ನಲ್ಲ. ಬಹಳ ಬಂದಿತ್ತು. ಆಮೇಲೆ ನೀನು ಬಂದು ಬಾಗಿಲಲ್ಲಿ ನಿಂತ ರೀತಿ ನೋಡಿ, ಇವಳಿಗೆ ಇನ್ನೇನು ಹೇಳೋದು ಅನ್ನಿಸ್ತು."

ನಾನು ಅತ್ತೆ. ಅಬ್ಬಾ ಅಳಲಿಲ್ಲ, ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತರು. ಗೈಡ್‌ಗೆ ಒಂದಕ್ಷರವೂ ಅರ್ಥವಾಗಿರಲಿಕ್ಕಿಲ್ಲ. ಅವಳು ಏನಾಯಿತೆಂದು ಕೇಳಲಿಲ್ಲ. ಸದ್ದಾಗದಂತೆ ಹುಟ್ಟುಗಳನ್ನು ನೀರಿಗಿಳಿಸಿ, ನಮ್ಮ ದೋಣಿಯನ್ನು ಉಳಿದವುಗಳಿಂದ ದೂರಕ್ಕೆ, ಇನ್ನೂ ನೆರಳಿದ್ದ ದಂಡೆಯ ಪಕ್ಕಕ್ಕೆ ತಂದಳು. ಊಟದ ಹೊತ್ತಿನವರೆಗೆ ನಮ್ಮನ್ನು ಅಲ್ಲೇ ತೇಲಲು ಬಿಟ್ಟಳು.

ಆಮೇಲಿನ ಎರಡು ದಿನ ನಾನು ಅಬ್ಬಾನನ್ನು ಅಮ್ಮಿಯ ಬಗ್ಗೆ ಕೇಳುತ್ತಲೇ ಇದ್ದೆ. ಮೂರು ವರ್ಷ ಕೇಳಲು ಧೈರ್ಯ ಸಾಲದೆ ಉಳಿದ ಸಣ್ಣಪುಟ್ಟ ಮಾತುಗಳು. ಆಸ್ಪತ್ರೆಗೆ ಹೋಗುವಾಗ ಯಾವ ಸೀರೆ ಉಟ್ಟಿದ್ದರು? ಬೆಳಗಿನ ಜಾವ ನೋವಿತ್ತೇ? ಕೊನೆಗೆ ಏನು ತಿಂದರು? ಅಬ್ಬಾ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟರು. ಹಸಿರು ಅಂಚಿನ ಹತ್ತಿ ಸೀರೆ. ನೋವಿಗೆ ಔಷಧಿ ಕೊಟ್ಟಿದ್ದರು. ಮೂಸಂಬಿಯ ಎರಡು ತೊಳೆ, ಮೂರನೆಯದನ್ನು ಬೇಡವೆಂದು ಅಬ್ಬಾನ ಬಾಯಿಗೇ ಹಾಕಿದರಂತೆ. ಒಂದು ಮಧ್ಯಾಹ್ನ ಗೈಡ್ ನಮ್ಮನ್ನು ಒಂದು ಬಂಡೆಯ ಬುಡಕ್ಕೆ ಕರೆದೊಯ್ದು, ಸಾವಿರ ವರ್ಷಗಳ ಹಿಂದೆ ಯಾರೋ ಕಲ್ಲಿನಲ್ಲಿ ಕೆತ್ತಿದ ಕುರಿಗಳನ್ನೂ ಮನುಷ್ಯರನ್ನೂ ತೋರಿಸಿದಳು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾವಿಬ್ಬರು ಅದರ ನೆರಳಲ್ಲಿ ಕೂತು, ಅಮ್ಮಿ ಮದುವೆಯಾದ ಹೊಸದರಲ್ಲಿ ಅಬ್ಬಾ ನೀರು ಅಳೆಯುವ ದೋಣಿ ಹತ್ತಿ, ಇಳಿಯಲಾರೆನೆಂದು ಹಟ ಮಾಡಿದ ಕಥೆಗೆ ನಗುತ್ತಿದ್ದೆವು. ನಾನು ಆ ಕಥೆ ಹಿಂದೆಂದೂ ಕೇಳಿರಲಿಲ್ಲ.

ಆರನೆಯ ದಿನ ಗೋಡೆಗಳು ತಗ್ಗುತ್ತಾ ತಗ್ಗುತ್ತಾ ಒಂದು ಕಡೆ ಮುಗಿದೇಹೋದವು. ಬಯಲು, ಧೂಳು, ದೂರದಲ್ಲಿ ಒಂದು ಲಾರಿಯ ಸದ್ದು. ದಂಡೆಯಲ್ಲಿ ಬಸ್ಸು ನಿಂತಿತ್ತು. ಗೈಡ್ ಅಬ್ಬಾನ ಕೈ ಹಿಡಿದುಕೊಂಡು, ಮುಂದಿನ ಬೇಸಿಗೆಗೂ ತನ್ನ ದೋಣಿಯಲ್ಲಿ ಒಂದು ಕೆಲಸ ಖಾಲಿ ಇದೆ ಎಂದಳು. ಅಬ್ಬಾ ಗಂಭೀರವಾಗಿ, "ಐ ವಿಲ್ ಅಪ್ಲೈ, ಮೇಡಂ" ಅಂದರು. ನಮ್ಮ ಬಸ್ಸು ತಿರುಗುವವರೆಗೂ ಅವಳು ಖಾಲಿ ದೋಣಿಯ ಪಕ್ಕದಲ್ಲಿ ನಿಂತಿದ್ದಳು.

ನನಗೆ ಕೆಲಸ ಸಿಕ್ಕಿದ್ದು ಮುಂದಿನ ವರ್ಷದ ಚಳಿಗಾಲದಲ್ಲಿ, ಎಡಿಸನ್‌ನಲ್ಲಿ, ಮೊದಲಿನದಕ್ಕಿಂತ ಚಿಕ್ಕ ಕೆಲಸ. ಅದಕ್ಕೆ ರೈಲು ಬೇಕಿರಲಿಲ್ಲ. ಅಬ್ಬಾ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಹೊರಟರು. ನಾನೂ ಜೊತೆಗೆ ಹೋಗಿ, ಮೂರು ವಾರ ಇದ್ದು, ಅಮ್ಮಿಯನ್ನು ಮಣ್ಣು ಮಾಡಿದ ಜಾಗಕ್ಕೆ ಅವರ ಜೊತೆ ಹೋಗಿಬಂದೆ. ಅಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಮಾತಾಡಬೇಕಾದದ್ದು ಆಗಿತ್ತು.

ಆದರೆ ನನಗೆ ಹೆಚ್ಚು ನೆನಪಾಗುವುದು ಯೂಟಾದಿಂದ ವಾಪಸು ಬಂದ ದಿನ. ನ್ಯೂಆರ್ಕ್‌ನಲ್ಲಿ ಇಳಿದಾಗ ಸಣ್ಣ ಮಳೆ. ನನ್ನ ಗಂಡ ಕರೆದೊಯ್ಯಲು ಬಂದಿದ್ದರು. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಭಾನುವಾರದ ಟ್ರಾಫಿಕ್, ಕಾರುಗಳು ಆಮೆಯಂತೆ ತೆವಳುತ್ತಿದ್ದವು. ಅಬ್ಬಾ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೂಗಿನ ಚರ್ಮ ಬಿಸಿಲಿಗೆ ಸುಲಿದಿತ್ತು. ಹಿಂದೆ ಕೂತ ನನಗೆ ಕಾರು ನಿಂತಾಗಲೂ ಮೈ ತೂಗುತ್ತಿತ್ತು, ಎಡಕ್ಕೆ, ಬಲಕ್ಕೆ, ನಿಧಾನವಾಗಿ. ಎರಡೂ ಕಡೆಯ ಕಾಂಕ್ರೀಟ್ ಗೋಡೆಗಳು ಮಳೆಯಲ್ಲಿ ನೆನೆದು ಹಿಂದಕ್ಕೆ ಸರಿಯುತ್ತಿದ್ದವು.

"ಹೇಗಿತ್ತು ಮಾಮು?" ಎಂದು ನನ್ನ ಗಂಡ ಅಬ್ಬಾನನ್ನು ಕೇಳಿದರು.

ಅಬ್ಬಾ ವೈಪರ್ ಆಡುವುದನ್ನೇ ನೋಡುತ್ತಿದ್ದರು. "ನೀರು ಚೆನ್ನಾಗಿತ್ತು" ಅಂದರು. ಆಮೇಲೆ ಸೀಟಿಗೆ ತಲೆ ಆನಿಸಿ, ಆರು ದಿನ ನೀರಿನ ಮೇಲೆ ಮುಚ್ಚದಿದ್ದ ಕಣ್ಣು ಮುಚ್ಚಿ, ಮಾನ್ಮತ್ ಜಂಕ್ಷನ್ ಬರುವವರೆಗೆ ನಿದ್ದೆ ಮಾಡಿದರು.